ಒಂದು ನಂಬರು ಹಿಂದೆ

ಚನ್ನಗಿರಿ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಸತ್ತ ಮನುಷ್ಯನೊಬ್ಬ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಕೂತಿದ್ದನ್ನು ಭೀಮೇಶ್ ಬಾಗಿಲಲ್ಲೇ ಕಂಡ. ಕಂಡವನೇ ತಿರುಗಿ ಹೊರಟುಬಿಡಬೇಕಿತ್ತು. ಆದರೆ ಬೆಳಗಿನ ಒಂಬತ್ತೂವರೆಗೆ ಹೋಟೆಲಿನ ಹೊಸ್ತಿಲ ತನಕ ಬಂದವನು ಚಹಾ ಕುಡಿಯದೆ ವಾಪಸ್ಸು ಹೋದರೆ ನೋಡಿದವರು ಏನೆಂದುಕೊಂಡಾರು ಎಂಬ ಯೋಚನೆ ಅವನ ಕತ್ತು ಹಿಡಿದು ಒಳಗೆ ನೂಕಿತು. ಅವನ ಬದುಕಿನ ಮುಕ್ಕಾಲು ಪಾಲು ಕೆಲಸಗಳನ್ನು ಮಾಡಿಸಿದ್ದು ಇದೇ ಯೋಚನೆ. ಸತ್ತವನು ನಲ್ಲೂರಿನ ತಿಪ್ಪೇಶಪ್ಪ, ಸಹಬಾಳ್ವೆ ಬಳಕೆದಾರರ ಸಹಕಾರ ಸಂಘದ ಸದಸ್ಯ ಸಂಖ್ಯೆ ಏಳುನೂರ ನಲವತ್ತೆರಡು. ಸಂಘದ ದಾಖಲೆಯಲ್ಲಿ ಅವನು ಹೋದ ವರ್ಷ ಆಷಾಢದಲ್ಲೇ ತೀರಿಕೊಂಡಿದ್ದ. ಈಗ ಮೆಣಸಿನಕಾಯಿಯ ತೊಟ್ಟು ಹಿಡಿದು, ಖಾರಕ್ಕೆ ಬಾಯಿ ಹಾಹಾ ಮಾಡುತ್ತಾ, ಸತ್ತವರಿಗೆ ಸಲ್ಲದ ಹುರುಪಿನಲ್ಲಿ ಕೈ ಬೀಸಿ ಕರೆದ.

"ಏ ಕಂಪ್ಯೂಟರ್, ಬಾರಯ್ಯ ಇಲ್ಲಿ. ನಾನು ಸತ್ತು ಎಷ್ಟು ತಿಂಗಳಾತು ಹೇಳು. ವರ್ಷದ ತಿಥಿ ಯಾವತ್ತು ಅಂತ ನನ್ನ ಹೆಂಡ್ತಿ ಕೇಳ್ತಾಳೆ."

ಬೆಂಚಿನ ಮೇಲಿದ್ದವರು ನಕ್ಕರು. ಭೀಮೇಶನೂ ನಕ್ಕ, ಎಲ್ಲರಿಗಿಂತ ಒಂದು ಕ್ಷಣ ಹೆಚ್ಚೇ ನಕ್ಕು, ತನ್ನ ನಗು ಒಂಟಿಯಾಗಿ ಉಳಿದದ್ದು ಕೇಳಿಸಿ ನಿಲ್ಲಿಸಿದ.

"ಮನೆಗೆ ಕಾಗದ ಬಂದೈತೆ ಕಣಯ್ಯ. ಮೇಲೆ ಅಧ್ಯಕ್ಷರ ಫೋಟೊ, ಹಲ್ಲು ಕಿರಿದು. ಕೆಳಗೆ 'ನಿಮ್ಮ ದುಃಖದಲ್ಲಿ ಸಂಘವೂ ಭಾಗಿ' ಅಂತ. ಅವಳು ಓದಿ ನಕ್ಕಿದ್ದೇ ನಕ್ಕಿದ್ದು. ಮದ್ವೆಯಾಗಿ ಮೂವತ್ತು ವರ್ಷದಾಗೆ ಹಂಗೆ ನಕ್ಕಿದ್ದು ನಾನು ನೋಡಿರ್ಲಿಲ್ಲ."

"ತಪ್ಪಾಗೈತೆ ತಿಪ್ಪೇಶಪ್ಪಾರೆ. ಸರಿ ಮಾಡ್ತೀವಿ."

"ಮಾಡಿದ್ದು ಆ ಮೌಲಾಸಾಬ್ ಅಂತಲ್ಲ? ಪಾಪ, ವಯಸ್ಸಾತು. ಅರಳು ಮರಳು."

ಚಹಾ ಬಂತು. ಭೀಮೇಶ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬಿಸಿ ತಾಗಿದವನಂತೆ ಕೆಳಗಿಟ್ಟು, "ಇವತ್ತು ವಿಚಾರಣೆ ಐತಲ್ಲ, ನೋಡಾಣ," ಎಂದ.

ಸಂಘದ ಕಚೇರಿಯ ಕಡೆಗೆ ನಡೆಯುತ್ತಾ ಅವನು ಆ ಮಾತನ್ನು ಬಾಳೆಹಣ್ಣು ಕೊಳ್ಳುವವನ ಹಾಗೆ ತಿರುಗಿಸಿ ತಿರುಗಿಸಿ ನೋಡಿದ. ಎಲ್ಲೂ ಕೊಳೆತಿರಲಿಲ್ಲ. ವಿಚಾರಣೆ ಇರುವುದು ನಿಜ. ನೋಡುವುದೂ ನಿಜ. ಮೌಲಾಸಾಬರ ಹೆಸರನ್ನು ತಾನು ಎತ್ತಲಿಲ್ಲ, ಎತ್ತಿದವನಿಗೆ ಹೌದು ಎನ್ನಲೂ ಇಲ್ಲ. ಹೀಗೆ ಸುಳ್ಳು ಹೇಳದೆಯೇ ಹದಿನೆಂಟು ದಿನಗಳನ್ನು ದಾಟಿಸಿದ್ದ, ಇನ್ನೊಂದು ದಿನ ದಾಟಿದರೆ ಮುಗಿಯಿತು. ಹೆಂಡತಿ ನೇತ್ರಾವತಿ ಬೆಳಿಗ್ಗೆ ತಟ್ಟೆಗೆ ರೊಟ್ಟಿ ಹಾಕುತ್ತಾ, "ಯಾಕ್ರೀ, ಮುಖ ಹಿಂಗೆ ಮಾಡ್ಕೊಂಡೀರಿ? ವಿಚಾರಣೆ ಸಾಬರದ್ದಲ್ವಾ?" ಎಂದಿದ್ದಳು. ಅವರದೇ, ಎಂದಿದ್ದ. ಅದೂ ನಿಜವೇ.

ಹದಿನಾರು ವರ್ಷಗಳಿಂದ ಅವನು ಸಂಘದಲ್ಲಿ ಹಂಗಾಮಿ. ಹಂಗಾಮಿ ಎಂಬ ಪದದೊಳಗೇ ಕೂತು ಮದುವೆಯಾಗಿ, ಮಗಳನ್ನು ಹೈಸ್ಕೂಲಿಗೆ ಕಳಿಸಿ, ನೆತ್ತಿಯ ಕೂದಲು ಕಳೆದುಕೊಂಡಿದ್ದ. ಅವನ ಹೆಸರು ಸಂಬಳದ ದಿನ ಮಾತ್ರ ಭೀಮೇಶ್. ಉಳಿದ ದಿನ ಕಂಪ್ಯೂಟರ್. ಕಂಪ್ಯೂಟರ್, ಬಾ ಇಲ್ಲಿ. ಕಂಪ್ಯೂಟರ್, ಆ ಕುರ್ಚಿ ಈ ಕಡೆ ಹಾಕು. ಒಮ್ಮೆ ಅಧ್ಯಕ್ಷರ ಮಗಳ ಮದುವೆಯ ಆಮಂತ್ರಣಕ್ಕೆ ಮೇಲ್ವಿಳಾಸ ಬರೆಯಲು ಕೂರಿಸಿ, ಆರುನೂರು ಲಕೋಟೆ ಮುಗಿದ ಮೇಲೆ ಅಧ್ಯಕ್ಷರು ಅವನ ಬೆನ್ನು ತಟ್ಟಿ, "ನಿಂದೂ ಒಂದು ತಗೊಳ್ಳಪ್ಪ," ಎಂದಿದ್ದರು. ತನ್ನ ಲಕೋಟೆಯ ಮೇಲೆ ತನ್ನ ಹೆಸರನ್ನು ತಾನೇ ಬರೆದುಕೊಂಡು, ಅವನು ಅದನ್ನು ಜೇಬಿಗಿಟ್ಟುಕೊಂಡಿದ್ದ. ಆ ದಿನವೋ ಮರುದಿನವೋ ಅವನು ಫೋನಿನಲ್ಲಿ ಸ್ಕ್ರಿಪ್ಟ್ ಬರೆಯುವ ಪಾಠದ ವಿಡಿಯೊ ನೋಡಲು ಶುರು ಮಾಡಿದ್ದು. ಮನುಷ್ಯ ಕೀಲಿಮಣೆಯ ಮುಂದೆ ಕೂತು ಉತ್ತರಿಸಬೇಕಾದ ಪ್ರಶ್ನೆಗಳಿಗೆ ಮನುಷ್ಯನ ಬದಲು ತಾನೇ ಉತ್ತರಿಸುವ ಸ್ಕ್ರಿಪ್ಟ್. ಇಂಗ್ಲಿಷಿನಲ್ಲಿ ಹೇಳಿದ್ದನ್ನು ಎಂಟು ಸಲ, ಹತ್ತು ಸಲ ಹಿಂದಕ್ಕೆ ಎಳೆದು ಕೇಳಿ, ಪುಸ್ತಕದಲ್ಲಿ ಬರೆದುಕೊಂಡು, ಏಳು ತಿಂಗಳಲ್ಲಿ ಕಲಿತ. ಕಲಿತದ್ದನ್ನು ಹೇಳಿಕೊಳ್ಳಲು ಚನ್ನಗಿರಿಯಲ್ಲಿ ಒಬ್ಬನೂ ಸಿಗಲಿಲ್ಲ. ನೇತ್ರಾವತಿಗೆ ಹೇಳಿದಾಗ ಅವಳು ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ನಿಮ್ಮ ಕೆಲಸ ಅದೇ ಮಾಡಿದ್ರೆ ನಿಮ್ಮನ್ನ ಯಾಕೆ ಇಟ್ಕಂತಾರೆ?" ಎಂದು ಕೇಳಿದ್ದಳು.

ಸಂಘದ ಸದಸ್ಯರ ದಾಖಲೆ ಇದ್ದದ್ದು ಇಪ್ಪತ್ತೈದು ವರ್ಷಗಳ ಹಿಂದೆ ಯಾರೋ ಬರೆದುಕೊಟ್ಟು ಮಾಯವಾದ ಪ್ರೋಗ್ರಾಮಿನಲ್ಲಿ. ಕಪ್ಪು ಪರದೆ, ಬಿಳಿ ಅಕ್ಷರ. ಅದು ಒಬ್ಬೊಬ್ಬ ಸದಸ್ಯನ ಹೆಸರನ್ನು ತೋರಿಸಿ, ಹಠದ ಮುದುಕಿಯ ಹಾಗೆ ಅವೇ ಪ್ರಶ್ನೆಗಳನ್ನು ಕೇಳುತ್ತಿತ್ತು. ಇವರು ಬದುಕಿದ್ದಾರೆಯೇ? ವಿಳಾಸ ಅದೇ ಇದೆಯೇ? ನಾಮಿನಿ ಅವರೇ ಇದ್ದಾರೆಯೇ? ಉಳಿಸಲೇ? ಎರಡು ಸಾವಿರದ ನೂರ ನಲವತ್ತು ಸದಸ್ಯರು. ಚುನಾವಣೆ ಬರುತ್ತಿತ್ತು, ಮತದಾರರ ಪಟ್ಟಿ ಶುದ್ಧವಾಗಬೇಕಿತ್ತು. ಜೊತೆಗೆ ತೀರಿಕೊಂಡವರ ಮನೆಮನೆಗೂ ತಮ್ಮ ಫೋಟೊ ಇರುವ ಸಾಂತ್ವನ ಪತ್ರ ಹೋದರೆ ಹೇಗೆ ಎಂದು ಅಧ್ಯಕ್ಷರಿಗೆ ಹೊಳೆದಿತ್ತು. ದುಃಖದಲ್ಲಿರುವವರು ಮತ ಹಾಕಲು ಮರೆಯುವುದಿಲ್ಲವೆಂದು ಅವರ ಅನುಭವ.

ಯಾರು ಸತ್ತಿದ್ದಾರೆ, ಯಾರು ಇದ್ದಾರೆ ಎಂದು ನೋಡಿ ಬರಲು ಹೋದವರು ದಾಖಲೆ ಗುಮಾಸ್ತ ಮೌಲಾಸಾಬ್. ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ, ಉದ್ದನೆಯ ಪುಸ್ತಕವೊಂದನ್ನು ಕಂಕುಳಲ್ಲಿಟ್ಟುಕೊಂಡು, ನಲ್ಲೂರು, ಸಂತೇಬೆನ್ನೂರು ಎಂದು ಮೂರು ತಿಂಗಳು ಬಸ್ಸಿನಲ್ಲಿ ಸುತ್ತಿ, ಪ್ರತಿ ಮನೆಯ ಮುಂದೂ ನಿಂತು, ಬದುಕಿದ್ದವರನ್ನು ಕಣ್ಣಾರೆ ನೋಡಿ, ಸತ್ತವರ ತಾರೀಖನ್ನು ಮನೆಯವರ ಬಾಯಿಂದ ಕೇಳಿ, ಹಸಿರು ಇಂಕಿನಲ್ಲಿ ದುಂಡಗೆ ಬರೆದುಕೊಂಡು ಬಂದಿದ್ದರು. ಸದಸ್ಯರನ್ನು ಸತ್ತರೆಂದು ಗುರುತು ಮಾಡುವ ಅಧಿಕಾರ ಪ್ರೋಗ್ರಾಮಿನಲ್ಲಿ ಅವರ ಲಾಗಿನ್‌ಗೆ ಮಾತ್ರ ಇತ್ತು. ಆದರೆ ಅವರು ಟೈಪ್ ಮಾಡುವುದು ಒಂದೇ ಬೆರಳಿನಲ್ಲಿ, ಕಳೆದುಹೋದ ಮೇಕೆ ಹುಡುಕುವವರ ಹಾಗೆ ಕೀಲಿಮಣೆಯ ಮೇಲೆಲ್ಲ ಅಲೆದು. "ಎರಡು ಸಾವಿರ ಜನಕ್ಕೆ ನನ್ನ ಬೆರಳು ಸಾಕಾಗಾಕಿಲ್ಲ ಭೀಮೇಶ್," ಎಂದು ಅವರು ಪುಸ್ತಕದ ಜೊತೆ ಪಾಸ್‌ವರ್ಡ್ ಬರೆದ ಚೀಟಿಯನ್ನೂ ಕೊಟ್ಟಿದ್ದರು. ಮೊಮ್ಮಗಳು ಅಫ್ಶೀನಳ ಹೆಸರು, ಮುಂದೆ ಅವಳು ಹುಟ್ಟಿದ ವರ್ಷ. "ನೀವೇ ಹೊಡ್ದುಬಿಡ್ರಿ. ಯಾರಿಗೂ ಹೇಳಾಕೆ ಹೋಗ್ಬ್ಯಾಡ್ರಿ, ರೂಲ್ಸಿನಾಗೆ ಇಲ್ಲ." ಕಚೇರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಅವರೊಬ್ಬರೇ.

ಪುಸ್ತಕವನ್ನು ಪಟ್ಟಿ ಮಾಡಿ ಸ್ಕ್ರಿಪ್ಟಿಗೆ ಕೊಟ್ಟ ದಿನ ಭೀಮೇಶ್ ಊಟದ ಹೊತ್ತಿನಲ್ಲಿ ಕಚೇರಿಯಲ್ಲಿ ಒಬ್ಬನೇ ಉಳಿದ. ಸ್ಕ್ರಿಪ್ಟಿಗೆ ಚಿತ್ರಗುಪ್ತ ಎಂದು ಹೆಸರಿಟ್ಟಿದ್ದ. ಒತ್ತಿದ. ಕಪ್ಪು ಪರದೆ ತಾನಾಗಿಯೇ ಓಡತೊಡಗಿತು. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ, ಯಾರೂ ಮುಟ್ಟದ ಕೀಲಿಮಣೆ. ಬಿಳಿ ಅಕ್ಷರಗಳು ಅವನ ಕನ್ನಡಕದ ಮೇಲೆ ಹರಿದವು. ಅವನು ಕುರ್ಚಿಯಲ್ಲಿ ಹಿಂದಕ್ಕೊರಗಿ, ಡಬ್ಬಿ ಬಿಚ್ಚಿ, ಚಿತ್ರಾನ್ನ ತಿಂದ. ಒಂದು ಗಂಟೆ ಹತ್ತು ನಿಮಿಷ. ಅಷ್ಟು ಸುಖವಾಗಿ ಅವನು ಯಾವತ್ತೂ ಊಟ ಮಾಡಿರಲಿಲ್ಲ. ಡಬ್ಬಿಯಿಂದ ತಲೆಯೆತ್ತಿ ಒಂದೇ ಒಂದು ಸಲ ಹೆಸರುಗಳನ್ನು ಓದಿದ್ದರೆ ಸಾಕಿತ್ತು. ಪ್ರೋಗ್ರಾಂ ಪ್ರತಿ ಸಲವೂ ಹೆಸರು ತೋರಿಸಿಯೇ ಪ್ರಶ್ನೆ ಕೇಳುತ್ತಿತ್ತು. ಹೆಸರು ಓದಬೇಕೆಂದು ಅವನು ಸ್ಕ್ರಿಪ್ಟಿಗೆ ಹೇಳಿಕೊಟ್ಟಿರಲಿಲ್ಲ, ತಾನೂ ಓದಲಿಲ್ಲ.

ಆರುನೂರ ಹನ್ನೊಂದನೆಯ ಸದಸ್ಯನ ಬಳಿ ಬಂದಾಗ ಕೆಳಗೆ ಸಂಘದ ಅಂಗಡಿಯ ಕೌಂಟರಿನಲ್ಲಿ ಯಾರೋ ಅದೇ ಸದಸ್ಯನಿಗೆ ಕಡಲೆಕಾಯಿ ಎಣ್ಣೆಯ ಬಿಲ್ ಮಾಡುತ್ತಿದ್ದರು. ಪ್ರೋಗ್ರಾಂ ನಿಂತು, 'ಈ ದಾಖಲೆ ಬೇರೆ ಕಡೆ ತೆರೆದಿದೆ, ಮತ್ತೆ ಯತ್ನಿಸಲೇ?' ಎಂದು ಕೇಳಿತು. ಈ ಪ್ರಶ್ನೆ ಬರಬಹುದೆಂದು ಭೀಮೇಶನಿಗೆ ಗೊತ್ತಿತ್ತು; ಹೌದೆಂದು ಉತ್ತರ ಕೊಟ್ಟು ಮುಂದುವರಿ ಎಂದು ಬರೆದಿದ್ದ. ಆದರೆ ಮುಂದುವರಿ ಎನ್ನಲು ಆ ಭಾಷೆಯಲ್ಲಿ ಎರಡು ಆಜ್ಞೆಗಳಿವೆ. ಒಂದರ ಅರ್ಥ, ಇದೇ ಸದಸ್ಯನ ಮುಂದಿನ ಪ್ರಶ್ನೆಗೆ ಕಾಯುತ್ತಿರು. ಇನ್ನೊಂದರ ಅರ್ಥ, ಇವನ ಸುತ್ತು ಮುಗಿಯಿತು, ಪಟ್ಟಿಯಲ್ಲಿ ಇವನ ನಂತರದವನನ್ನು ಹಿಡಿ. ಭೀಮೇಶ್ ಎರಡನೆಯದನ್ನು ಬರೆದಿದ್ದ. ಪ್ರೋಗ್ರಾಂ ಆರುನೂರ ಹನ್ನೊಂದನ್ನೇ ಮತ್ತೆ ತೆರೆದು ಬದುಕಿದ್ದಾರೆಯೇ ಎಂದು ಕೇಳಿತು. ಸ್ಕ್ರಿಪ್ಟು ಆರುನೂರ ಹನ್ನೆರಡರ ಉತ್ತರ ಕೊಟ್ಟಿತು. ಅಲ್ಲಿಂದಾಚೆ ಎಲ್ಲರ ಉತ್ತರವೂ ಒಂದು ನಂಬರು ಹಿಂದಿನವರ ಪಾಲಾಯಿತು. ಸತ್ತವನ ಹಿಂದಿನ ನಂಬರಿನವನು ಸತ್ತ. ಸತ್ತವನು ಎದ್ದು ಕೂತ. ಹೀಗೆ ನೂರ ಅರವತ್ತಮೂರು ಜನ ಒಂದು ಮಧ್ಯಾಹ್ನದಲ್ಲಿ ತೀರಿಕೊಂಡು, ಸರಿಸುಮಾರು ಅಷ್ಟೇ ಜನ ಮರಳಿ ಬಂದು, ಅಧ್ಯಕ್ಷರ ನಗುವ ಫೋಟೊ ಅಂಚೆಯ ಚೀಲ ಹತ್ತಿ ಹಳ್ಳಿಹಳ್ಳಿಗೆ ಹೋಯಿತು.

ಗಲಾಟೆ ಶುರುವಾದ ಮೂರನೆಯ ದಿನ ಭೀಮೇಶ್ ತಪ್ಪು ಹಿಡಿದ. ಒಂದು ಪದ. ಅದನ್ನು ಅಳಿಸಿ ಸರಿಯಾದದ್ದನ್ನು ಬರೆದು, ದಾಖಲೆಯ ನಕಲೊಂದರ ಮೇಲೆ ಓಡಿಸಿ ನೋಡಿದ. ಒಬ್ಬನೂ ತಪ್ಪಿ ಸಾಯಲಿಲ್ಲ. ಎಷ್ಟು ಚಂದ ಓಡಿತೆಂದರೆ ಅವನಿಗೆ ಕಣ್ಣು ತುಂಬಿ ಬಂತು, ಯಾರಿಗಾದರೂ ತೋರಿಸಬೇಕೆನಿಸಿತು. ಎದುರಿನ ಮೇಜಿನಲ್ಲಿ ಮೌಲಾಸಾಬ್ ಹಸಿರು ಇಂಕಿನ ಪುಸ್ತಕ ಬಿಡಿಸಿಕೊಂಡು ಸಾಲಿನ ಮೇಲೆ ಸ್ಕೇಲಿಟ್ಟು ಒಂದೊಂದೇ ಹೆಸರು ಓದುತ್ತಿದ್ದರು. ಗಲಾಟೆ ಶುರುವಾದಾಗಿನಿಂದ ಅದೇ. ಒಮ್ಮೆ ತಲೆಯೆತ್ತಿ ಹೇಳಿದ್ದರು: "ನಲ್ಲೂರಿನ ತಿಪ್ಪಮ್ಮನ ಕೈಯಾಗೆ ನೀರು ಕುಡ್ದೀನಿ ಭೀಮೇಶ್. ಮಜ್ಜಿಗೆ ತರಲೇನಪ್ಪ ಅಂತ ಕೇಳಿದ್ಲು. ಹಂಗಿದ್ರೂ ಅವಳನ್ನ ಸತ್ತೋರಾಗೆ ಬರ್ದಿದೀನಾ? ಇಲ್ಲಿ ನೋಡಿದ್ರೆ ಸರಿ ಐತೆ. ಮತ್ತೆ ಹೆಂಗಾತು? ಕಣ್ಣಿಗೆ ಕಾಣೋದೊಂದು, ಇರೋದೊಂದು ಆಗಾಕೆ ಹತ್ತೈತಾ ನಂಗೆ?" ಭೀಮೇಶ್, "ನೀವು ಊಟ ಮಾಡ್ರಿ ಮೊದ್ಲು," ಎಂದಿದ್ದ. ಅದು ಕಾಳಜಿಯ ಮಾತೇ ಆಗಿತ್ತು.

ವಿಚಾರಣೆ ಹನ್ನೊಂದಕ್ಕೆ, ಅಧ್ಯಕ್ಷರ ಕೋಣೆಯಲ್ಲಿ. ಅಧ್ಯಕ್ಷರು ಬರಲಿಲ್ಲ; ಅವರು ಯಾರದೋ ನಿಜವಾದ ಸಾವಿಗೆ ಹೋಗಿದ್ದರು. ವಿಚಾರಣೆ ನಡೆಸುವ ನಿರ್ದೇಶಕರು ಬಸವರಾಜಪ್ಪ, ನಿವೃತ್ತ ಮುಖ್ಯೋಪಾಧ್ಯಾಯರು, ಎದುರಿಗೆ ಕೂತವರೆಲ್ಲ ಮನೆಪಾಠ ಬರೆಯದೆ ಬಂದವರೆಂದೇ ನೋಡುವ ಅಭ್ಯಾಸ. ಕಂಪ್ಯೂಟರಿನೊಳಗಿನ ದಾಖಲೆ ಓದಲು ದಾವಣಗೆರೆಯಿಂದ ಅರುಣ್ ಕುಮಾರ್ ಎಂಬ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರನ್ನು ಕರೆಸಿದ್ದರು. ತೆಳ್ಳಗಿನ ಯುವಕ, ಮೊಣಕಾಲ ಮೇಲೆ ಲ್ಯಾಪ್‌ಟಾಪ್. ನಡಾವಳಿ ಟೈಪ್ ಮಾಡಲು ಒಬ್ಬರು ಬೇಕಲ್ಲ, ಭೀಮೇಶನನ್ನು ಮೂಲೆಯಲ್ಲಿ ಕೂರಿಸಿದರು. ತನ್ನ ತಪ್ಪನ್ನು ಇನ್ನೊಬ್ಬನ ಹೆಸರಿನಲ್ಲಿ, ಮಿನಿಟಿಗೆ ಐವತ್ತು ಪದದ ವೇಗದಲ್ಲಿ ಬರೆದುಕೊಳ್ಳುವ ಅವಕಾಶ ಎಷ್ಟು ಜನಕ್ಕೆ ಸಿಗುತ್ತದೆ ಎಂದು ಅವನಿಗೇ ನಗು ಬಂತು. ಅದನ್ನು ಕೆಮ್ಮಾಗಿ ಮುಗಿಸಿದ.

"ಮೌಲಾಸಾಬ್, ಎಂಟ್ರಿ ಹಾಕಿದ್ದು ನಿಮ್ಮ ಲಾಗಿನ್ನಿಂದ. ಹೌದೋ ಅಲ್ಲವೋ?"

"ಹೌದು ಸಾರ್."

"ಹಾಕಿದ್ದು ಯಾರು?"

ಭೀಮೇಶನ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. ಮೌಲಾಸಾಬ್ ಮೂಲೆಯ ಕಡೆ ನೋಡಲೇ ಇಲ್ಲ.

"ನಾನೇ ಸಾರ್. ಬುಕ್ಕು ನಂದು, ತಪ್ಪು ನಂದು. ಇನ್ನೊಬ್ಬರದ್ದು ಏನೂ ಇಲ್ಲ."

ಭೀಮೇಶ್ ಟೈಪ್ ಮಾಡಿದ: ಸದರಿ ನೌಕರರು ತಪ್ಪನ್ನು ಒಪ್ಪಿಕೊಂಡಿರುತ್ತಾರೆ. 'ಇರುತ್ತಾರೆ'ಯಲ್ಲಿ ಒಂದು ಅಕ್ಷರ ತಪ್ಪಿತು, ತಿದ್ದಿದ. ಮುಗಿಯಿತು ಎಂದುಕೊಂಡ. ನಾಲ್ಕು ತಿಂಗಳಲ್ಲಿ ಹೇಗೂ ಮನೆಗೆ ಹೋಗುವ ಮನುಷ್ಯ. ಒಂದು ಎಚ್ಚರಿಕೆ ಪತ್ರ ಕೊಟ್ಟಾರು, ಹಾರ ಹಾಕುವ ದಿನ ಸ್ವಲ್ಪ ಕಡಿಮೆ ಹೊಗಳಿಯಾರು. ತಾನು ನಲವತ್ತೆರಡರ ಹಂಗಾಮಿ. ತಕ್ಕಡಿಯಲ್ಲಿಟ್ಟು ತೂಗಿದರೆ ಯಾವ ಕಡೆ ವಾಲುತ್ತದೆ ಎಂಬುದು ಮೌಲಾಸಾಬರಿಗೇ ಗೊತ್ತಿರುವುದರಿಂದಲೇ ಅಲ್ಲವೇ ಅವರು ಹಾಗೆ ಹೇಳಿದ್ದು. ಆದರೆ ಅವರಿಗೆ ಗೊತ್ತಿರಲಿಲ್ಲ, ಅದೇ ತೊಡಕು. ಭೀಮೇಶ್ ಪುಸ್ತಕದಲ್ಲಿದ್ದಂತೆಯೇ ಹೊಡೆದಿದ್ದಾನೆ, ತಮ್ಮ ಪುಸ್ತಕವೇ ತಮಗೆ ಕಾಣದ ಹಾಗೆ ತಪ್ಪಾಗಿದೆ ಎಂದು ಅವರು ನಂಬಿದ್ದರು.

ಆಗ ಅರುಣ್ ಕುಮಾರ್ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, "ಸಾರ್, ಒಂದ್ನಿಮಿಷ," ಎಂದ. "ಇದು ಕೈಯಲ್ಲಿ ಹೊಡೆದದ್ದಲ್ಲ. ಸೆಕೆಂಡಿಗೆ ಎರಡು ಉತ್ತರ ಹೋಗಿದೆ, ಒಂದು ಗಂಟೆ ಬಿಡುವಿಲ್ಲದೆ. ಇವರ ಫೋಲ್ಡರಿನಲ್ಲಿ ಸ್ಕ್ರಿಪ್ಟೇ ಇದೆ." ಅವನು ಮೌಲಾಸಾಬರ ಕಡೆ ತಿರುಗಿದಾಗ ದನಿ ತಾನಾಗಿ ಮೃದುವಾಗಿತ್ತು. "ಸ್ಕ್ರಿಪ್ಟ್ ಬರೆದದ್ದು ನೀವೇನಾ?"

"ನಾನೇ ಸಾರ್," ಎಂದರು ಮೌಲಾಸಾಬ್, ಸ್ಕ್ರಿಪ್ಟ್ ಎಂದರೆ ಬರವಣಿಗೆ ಎಂದು ಅವರಿಗೆ ಗೊತ್ತಿದ್ದಷ್ಟರಿಂದ. "ಮೂರು ತಿಂಗಳು ಕೂತು ಬರ್ದೆ."

"ಯಾರು ಕಲಿಸಿದರು ನಿಮಗೆ?"

"ಯಾರಿಲ್ಲ ಸಾರ್. ಕೆಲಸಕ್ಕೆ ಸೇರ್ದಾಗಿಂದ ಹಿಂಗೇ ಬರ್ಕಂಡು ಬಂದೀನಿ."

ಅರುಣ್ ಕುಮಾರ್ ಬಸವರಾಜಪ್ಪನವರನ್ನು ನೋಡಿದ. "ಸಾರ್, ನಮ್ಮ ಫೈನಲ್ ಇಯರ್ ಹುಡುಗರಿಗೆ ಇದು ಬರಲ್ಲ. ಹಳೇ ಪ್ರೋಗ್ರಾಂ ಏನೇನು ಕೇಳಬಹುದು ಅಂತ ಎಲ್ಲಾ ಯೋಚಿಸಿದಾರೆ. ಎಷ್ಟು ನೀಟಾಗಿದೆ ನೋಡಿ. ಈ ವಯಸ್ಸಲ್ಲಿ! ಕಾಲೇಜಿಗೆ ಒಂದ್ಸಲ ಕರೆಸಬೇಕು ಸಾರ್ ಇವರನ್ನ, ಹುಡುಗರ ಮುಂದೆ ನಿಲ್ಲಿಸಬೇಕು."

ಬಸವರಾಜಪ್ಪ ಮೌಲಾಸಾಬರನ್ನು ಹೊಸದಾಗಿ ನೋಡಿದರು. ಕಿಟಕಿಯಾಚೆ ಯಾರದೋ ಟ್ರಾಕ್ಟರು ಶಬ್ದ ಮಾಡುತ್ತಾ ಹೋಯಿತು. ಮೂಲೆಯಲ್ಲಿ ಭೀಮೇಶ್ ಟೈಪ್ ಮಾಡುವುದನ್ನು ನಿಲ್ಲಿಸಿದ. ಏಳು ತಿಂಗಳು. ಹತ್ತತ್ತು ಸಲ ಹಿಂದಕ್ಕೆ ಎಳೆದು ಕೇಳಿದ ಇಂಗ್ಲಿಷು. ಅವನ ಜೀವಮಾನದಲ್ಲಿ ತಿಳಿದವನೊಬ್ಬ ಅವನ ಕೆಲಸವನ್ನು ನೋಡಿ ನೀಟಾಗಿದೆ ಎಂದದ್ದು ಇದೇ ಮೊದಲು, ಮತ್ತು ಅದು ಎರಡು ಗಜ ಆಚೆ ಕೂತಿದ್ದ, ಕೀಲಿಮಣೆಯಲ್ಲಿ ಮೇಕೆ ಹುಡುಕುವ ಮುದುಕರ ಮಡಿಲಿಗೆ ಹೋಗಿ ಬಿತ್ತು. ನೂರ ಅರವತ್ತಮೂರು ಜನರ ಸಾವನ್ನು ಅವರ ಮೇಲೆ ಹೊರಿಸಿ ಸುಮ್ಮನಿರಬಹುದಿತ್ತು. ಹದಿನೆಂಟು ದಿನ ಸುಮ್ಮನಿದ್ದ. ಇದನ್ನು ಸಹಿಸುವುದು ಆಗಲಿಲ್ಲ.

"ಅದು ನಂದು," ಎಂದ.

ಯಾರಿಗೂ ಕೇಳಿಸಲಿಲ್ಲ. ಎದ್ದು ನಿಂತ, ಕುರ್ಚಿ ಹಿಂದಕ್ಕೆ ಬಿತ್ತು. "ಸ್ಕ್ರಿಪ್ಟ್ ನಂದು ಸಾರ್. ಅವರಿಗೆ ಅದರ ತಲೆ ಬಾಲ ಗೊತ್ತಿಲ್ಲ. ನಾನೇ ಬರ್ದಿದ್ದು, ಒಬ್ನೇ." ಅರುಣ್ ಕುಮಾರನ ಬಳಿ ಹೋಗಿ ಪರದೆಗೆ ಬೆರಳಿಟ್ಟ. "ಇಲ್ಲಿ ನೋಡಿ ಸಾರ್, ಇದೊಂದೇ ಜಾಗ. ಒಳಗಿನ ಕಾಯೋದನ್ನ ಮುಂದುವರ್ಸೋ ಬದ್ಲು ಹೊರಗಿನ ಲೂಪಿನ ಮುಂದಿನ ಸುತ್ತಿಗೆ ಹೋಗಿಬಿಟ್ಟೆ. ಅದನ್ನ ಆಮೇಲೆ ಸರಿ ಮಾಡೀನಿ. ಈಗ ಓಡ್ಸಿ ನೋಡ್ರಿ ಬೇಕಾದ್ರೆ, ಒಂದು ತಪ್ಪು ಬಂದ್ರೆ ಕೇಳಿ." ನಡಾವಳಿಯ ಹಾಳೆಯೊಂದನ್ನು ತಿರುವಿ ಹಾಕಿ ಸುತ್ತು ಬರೆದ, ಸುತ್ತಿನೊಳಗೆ ಸುತ್ತು ಬರೆದ, ಬಾಣ ಎಳೆದ. ಅರುಣ್ ಕುಮಾರ್ ತಲೆಯಾಡಿಸಿದ, ಒಂದು ಪ್ರಶ್ನೆ ಕೇಳಿದ, ಅದಕ್ಕೆ ಭೀಮೇಶ್ ಒಳ್ಳೆಯ ಉತ್ತರ ಕೊಟ್ಟ. ಆ ನಾಲ್ಕೈದು ನಿಮಿಷ ಅವನು ಕೋಣೆಯಲ್ಲಿ ಎಲ್ಲರಿಗಿಂತ ಎತ್ತರವಿದ್ದ.

"ಅಂದ್ರೆ," ಎಂದರು ಬಸವರಾಜಪ್ಪ ನಿಧಾನವಾಗಿ, "ಇಷ್ಟು ಜನರನ್ನ ಸಾಯ್ಸಿದ್ದು ನೀನು."

ಭೀಮೇಶನ ಕೈಯಲ್ಲಿದ್ದ ಪೆನ್ನು ಬಾಣದ ತುದಿಯಲ್ಲಿ ನಿಂತಿತು. ತಾನು ಒಪ್ಪಿಕೊಂಡದ್ದು ಏನನ್ನು ಎಂಬುದು ಅವನಿಗೆ ತಲುಪಲು ಸ್ವಲ್ಪ ಹೊತ್ತು ಹಿಡಿಯಿತು. ತಲುಪಿದ ಮೇಲೆ ಅವನು ಮೌಲಾಸಾಬರ ಕಡೆ ನೋಡಿದ; ಬೈಗುಳಕ್ಕೆ, ಉಗುಳಿಗೆ, ಎಲ್ಲಕ್ಕೂ ಸಿದ್ಧನಾಗಿ. ಅವರು ಕಂಕುಳಿಂದ ಪುಸ್ತಕ ತೆಗೆದು ಎದೆಗೆ ಹಿಡಿದುಕೊಂಡಿದ್ದರು. ಮುಖ ಒದ್ದೆಯಾಗಿತ್ತು.

"ಹಂಗಾದ್ರೆ ನನ್ನ ಬುಕ್ಕು ಸರಿ ಐತಾ ಭೀಮೇಶ್?"

"ಸರಿ ಐತೆ."

"ಎಲ್ಲಾನೂ?"

"ಎಲ್ಲಾನೂ."

ಅವನನ್ನು ತೆಗೆದುಹಾಕಲಿಲ್ಲ. ತೆಗೆದರೆ ಚುನಾವಣೆಗೆ ಮುಂಚೆ ಆ ಕಪ್ಪು ಪರದೆಯ ಮುಂದೆ ಕೂರುವವರು ಯಾರೆಂದು ಅಧ್ಯಕ್ಷರೇ ಫೋನಿನಲ್ಲಿ ಕೇಳಿದರಂತೆ. ಬದಲಿಗೆ ಬಸವರಾಜಪ್ಪ ಒಂದು ನಮೂನೆ ತಯಾರಿಸಿದರು, 'ನಾನು ಜೀವಂತವಾಗಿರುತ್ತೇನೆಂದು ಈ ಮೂಲಕ ದೃಢೀಕರಿಸುತ್ತೇನೆ'. ಅದನ್ನು ಹಿಡಿದು ಭೀಮೇಶ್ ಸತ್ತವರ ಮನೆಮನೆಗೂ ಹೋಗಿ ಸಹಿ ಅಥವಾ ಹೆಬ್ಬೆಟ್ಟು ತರಬೇಕು. ತಪ್ಪಿ ಬದುಕಿದವರ ಮನೆಯಲ್ಲಿ ಸಾವಿನ ದೃಢೀಕರಣ ತರಬೇಕು. ಮನೆಗಳ ಗುರುತು ತಮಗಿದೆ ಎಂದು ಮೌಲಾಸಾಬ್ ತಾವಾಗಿಯೇ ಹೊರಟರು.

ಮರುದಿನ ನಲ್ಲೂರಿನ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಅವನನ್ನೇ ಕೂರಿಸಿ, ಅವನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ನೀವು ಬಾಯಿ ಬಿಡದಿದ್ರೆ ನಾನು ತಲೆ ಕೆಟ್ಟೋನು ಅಂತ್ಲೇ ಸಾಯೋತನಕ ಅಂದ್ಕಂಡಿರ್ತಿದ್ದೆ ಭೀಮೇಶ್. ಮನೆಯಾಗೆ ನನ್ನ ಹೆಂಡ್ತಿ ಗುಲ್ಜಾರ್‌ಬೀಗೂ ಹೇಳ್ದೆ. ಕೆಲಸ ಹೋಗ್ತೈತೆ ಅಂತ ಗೊತ್ತಿದ್ದೂ ಎದ್ದು ನಿಂತ ನೋಡು, ಅಂಥ ಮನಸ್ಸು ಯಾರಿಗೈತೆ ಅಂದೆ." ಭೀಮೇಶ್ ಹೇಳಬೇಕಿತ್ತು. ನಿಮಗಾಗಿ ಅಲ್ಲ, ನನಗೆ ಬರಬೇಕಾದ ಹೊಗಳಿಕೆ ನಿಮ್ಮ ಪಾಲಾಯಿತಲ್ಲ ಅಂತ ಎದ್ದೆ ಎಂದು ಹೇಳಿದ್ದರೆ ಆ ಕೈಗಳು ಬಿಡುತ್ತಿದ್ದವು, ಕಡೆಯ ಪಕ್ಷ ಸಡಿಲವಾಗುತ್ತಿದ್ದವು. ಕಿಟಕಿಯಲ್ಲಿ ಮೆಕ್ಕೆಜೋಳದ ಹೊಲ ಹಿಂದಕ್ಕೆ ಓಡುತ್ತಿತ್ತು. "ಅದೇನ್ ದೊಡ್ಡದು ಬಿಡ್ರಿ," ಎಂದ. ಎಂದ ಮೇಲೆ ಅದು ವಿನಯದಂತೆ ಕೇಳಿಸಿತು, ಮೌಲಾಸಾಬರ ಹಿಡಿತ ಇನ್ನಷ್ಟು ಬಿಗಿಯಾಯಿತು. ಬಸ್ಸು ಇಳಿಯುವವರೆಗೂ ಅವನು ಕೈ ಬಿಡಿಸಿಕೊಳ್ಳಲಿಲ್ಲ.

ಮೊದಲ ಮನೆ ತಿಪ್ಪಮ್ಮನದು, ಸದಸ್ಯ ಸಂಖ್ಯೆ ಎಂಟುನೂರ ಹದಿಮೂರು. ಎಂಟುನೂರ ಹದಿನಾಲ್ಕು ಅವಳ ಗಂಡ ದ್ಯಾಮಪ್ಪ, ಸತ್ತು ಹನ್ನೊಂದು ವರ್ಷ. ಅವನ ಸಾವು ಒಂದು ನಂಬರು ಹಿಂದೆ ಸರಿದು ಹೆಂಡತಿಗೆ ತಗುಲಿತ್ತು. ಸಾಂತ್ವನ ಪತ್ರ ನಾಮಿನಿಯಾದ ದ್ಯಾಮಪ್ಪನ ಹೆಸರಿಗೇ ಬಂದಿತ್ತು, ನಿಮ್ಮ ಪತ್ನಿಯವರ ಅಗಲಿಕೆಯ ದುಃಖವನ್ನು ಭರಿಸುವ ಶಕ್ತಿ ಭಗವಂತ ನಿಮಗೆ ಕರುಣಿಸಲಿ ಎಂದು. ತಿಪ್ಪಮ್ಮ ಅಂಗಳದಲ್ಲಿ ಮೆಕ್ಕೆಜೋಳದ ತೆನೆ ಬಿಡಿಸುತ್ತಿದ್ದಳು. ಮೌಲಾಸಾಬರ ಗುರುತು ಹಿಡಿದು, ಬಂದವರು ಸಂಘದವರೆಂದು ತಿಳಿದು ಇಬ್ಬರನ್ನೂ ಸರದಿಯಂತೆ ನೋಡಿದಳು.

"ನನ್ನ ಸಾಯ್ಸಿದೋನು ನಿಮ್ಮಿಬ್ಬರಾಗೆ ಯಾರು?"

"ಯಾರೂ ಅಲ್ಲಮ್ಮ," ಎಂದರು ಮೌಲಾಸಾಬ್ ಬೇಗನೆ. "ಮಿಷಿನ್ನು."

"ಮಿಷಿನ್ ಅಲ್ಲ," ಎಂದ ಭೀಮೇಶ್. "ನಾನು."

ಇನ್ನೇನಾದರೂ ಹೇಳಬೇಕೆಂದು ನೋಡಿದ. ಸುತ್ತು, ಬಾಣ, ಎರಡು ಆಜ್ಞೆ, ಯಾವುದೂ ಬಾಯಿಗೆ ಬರಲಿಲ್ಲ. ಅವಳು ಕೈಯಲ್ಲಿದ್ದ ತೆನೆ ಮುಗಿಸಿ, ದಿಂಡನ್ನು ಪಕ್ಕಕ್ಕೆ ಎಸೆದಳು. ಅವನು ನಮೂನೆ ತೆಗೆದು, ಇಂಕಿನ ಪ್ಯಾಡು ಬಿಚ್ಚಿ, ಎಲ್ಲಿ ಹೆಬ್ಬೆಟ್ಟು ಒತ್ತಬೇಕೆಂದು ತೋರಿಸಿದ.

"ಸತ್ತೆ ಅಂತ ಬರೆಯಾಕೆ ನನ್ನ ಹೆಬ್ಬೆಟ್ಟು ಬೇಕಾಗಿತ್ತಾ?"

"ಇಲ್ಲ."

"ಮತ್ತೆ ಬದುಕೀನಿ ಅನ್ನಾಕೆ ಯಾಕೆ ಬೇಕು?"

ಅವನು ಮೌಲಾಸಾಬರನ್ನು ನೋಡಿದ. ಅವರು ಆಕಾಶ ನೋಡುತ್ತಿದ್ದರು. ಕೊನೆಗೆ ಅವನು, 'ಹೆಬ್ಬೆಟ್ಟು ಕೊಡಲು ನಿರಾಕರಿಸಿದ್ದಾರೆ' ಎಂದು ಬರೆದ. ಏನು ಬರೆದೆ ಎಂದು ಅವಳು ಕೇಳಿದಳು, ಓದಿ ಹೇಳಿದ. "ಆಗೋಲ್ಲ ಅಂದೋಳು ಬದುಕಿದಾಳೆ ಅಂತ್ಲೇ ಅರ್ಥ ಆತಲ್ಲ," ಎಂದು ಅವಳು ಮೊದಲ ಸಲ ನಕ್ಕಳು.

ಎರಡನೆಯ ಹಾಳೆ ತೆಗೆಯುವಾಗ ಅವನಿಗೂ ಸ್ವಲ್ಪ ಹಗುರವೆನಿಸಿತ್ತು. "ಇನ್ನೊಂದೈತೆ ಅಮ್ಮ. ನಿಮ್ಮ ಯಜಮಾನ್ರು ನಮ್ಮ ಲೆಕ್ಕದಾಗೆ ಬದುಕಿದಾರೆ. ಅವರು ತೀರ್ಕಂಡಿದಾರೆ ಅಂತ ನೀವೊಂದು ಹೆಬ್ಬೆಟ್ಟು ಕೊಡ್ಬೇಕು."

ತಿಪ್ಪಮ್ಮ ತೆನೆ ಎತ್ತಿಕೊಂಡಳು, ಬಿಡಿಸಲಿಲ್ಲ.

"ಒಂದ್ಸಲ ಕೊಟ್ಟೀನಿ. ಪಂಚಾಯ್ತಿಯಾಗೆ, ಹನ್ನೊಂದು ವರ್ಷದ ಹಿಂದೆ. ಇನ್ನೊಂದ್ಸಲ ಅವರನ್ನ ಸಾಯ್ಸಾಕೆ ನನ್ ಕೈಲಾಗಲ್ಲ. ನಿಮ್ಮ ಪಟ್ಟಿಯಾಗಾದ್ರೂ ಇರ್ಲಿ ಬಿಡು. ಯಾರಿಗೇನು ತೊಂದ್ರೆ?"

"ಹಂಗೆ ಬಿಡಾಕೆ ಬರಲ್ಲಮ್ಮ," ಎಂದರು ಮೌಲಾಸಾಬ್, ಮುಂದೆ ಬಂದು. ಪುಸ್ತಕ ತೆರೆದು ಸಾಲಿನ ಮೇಲೆ ಬೆರಳಿಟ್ಟರು. "ನೋಡಿಲ್ಲಿ, ನಿನ್ನ ಬಾಯಿಂದ್ಲೇ ಕೇಳಿ ಬರ್ದೀನಿ, ತಾರೀಖು ಸಮೇತ. ಭೀಮೇಶ್, ಬರ್ಕಳ್ರಿ. ಮನೆಯೋರು ಖುದ್ದು ಹೇಳಿದ್ರು ಅಂತ ಬರೀರಿ, ನಾನು ಸಾಕ್ಷಿ ಹಾಕ್ತೀನಿ. ನನ್ನ ಬುಕ್ಕು ತಪ್ಪು ಆಗ್ಬಾರ್ದು."

ಇಬ್ಬರೂ ಅವನ ಪೆನ್ನನ್ನು ನೋಡುತ್ತಿದ್ದರು. ಒಬ್ಬರಿಗೆ ಹೌದು ಎಂದರೆ ಇನ್ನೊಬ್ಬರಿಗೆ ಇಲ್ಲವೆಂದಂತೆ; ಹದಿನಾರು ವರ್ಷ ಎಲ್ಲರಿಗೂ ಹೌದೆಂದೇ ಕಾಲ ಹಾಕಿದವನಿಗೆ ಅಂಥ ಪ್ರಶ್ನೆ ಹೊಸದು. ಬಿಸಿಲಿಗೆ ಇಂಕಿನ ಪ್ಯಾಡು ಒಣಗತೊಡಗಿತ್ತು. ಭೀಮೇಶ್ ಅದರ ಮುಚ್ಚಳ ಹಾಕಿದ. ಹಾಳೆಯನ್ನು ಹಾಗೆಯೇ, ಖಾಲಿಯಾಗಿಯೇ ಮಡಚಿ ಜೇಬಿಗಿಟ್ಟ.

"ಬರ್ತೀವಮ್ಮ," ಎಂದ.

ಮುಂದಿನ ಮನೆಗೆ ಎರಡು ಬೀದಿ ದಾಟಬೇಕಿತ್ತು. ನೂರ ಅರವತ್ತಮೂರು ಸಾವನ್ನು ತಲೆಯ ಮೇಲೆ ಹೊತ್ತುಕೊಂಡು ಚಕಾರ ಎತ್ತದಿದ್ದ ಮೌಲಾಸಾಬ್, ಪುಸ್ತಕವನ್ನು ಕಂಕುಳಲ್ಲಿ ಒತ್ತಿ ಹಿಡಿದು ಹತ್ತು ಹೆಜ್ಜೆ ಮುಂದೆ ನಡೆದರು. ಮಧ್ಯಾಹ್ನದವರೆಗೂ ಅವನೊಡನೆ ಮಾತಾಡಲಿಲ್ಲ. ಮಾತಾಡಿದಾಗಲೂ, "ಕಂಪ್ಯೂಟರ್, ಈ ಕಡೆ," ಎಂದಷ್ಟೇ ಎಂದರು.